ಒಂದೇ ಅಚ್ಚಿನ ಎರಡು ವಾದಗಳು

ಒಂದು ವಾದವನ್ನು ಮುಂದಿಟ್ಟು, ಅದೇ ಅಚ್ಚಿನಲ್ಲಿ ಎರಕಗೊಂಡ ಇನ್ನೊಂದನ್ನು ಆರಿಸಿರೆಂದು ಕೇಳುವ ಪ್ರಶ್ನೆಗಳು ಸ್ಪರ್ಧಾ ಪರೀಕ್ಷೆಗಳಲ್ಲಿ ಬರುತ್ತವೆ. ರಾಣೆಬೆನ್ನೂರು ಸೀಮೆಯ ಮೇಡ್ಲೇರಿಯಂಥ ಊರಿನ ತರುಣರೂ ಇವನ್ನು ಎದುರಿಸಬೇಕು. ಇದು ಪಶ್ಚಿಮದಿಂದ ಬಂದ ಹೊಸ ಕಸರತ್ತೆಂದು ಬಗೆಯುವವರುಂಟು. ಆದರೆ ವಿಷಯವನ್ನು ಬದಿಗಿರಿಸಿ ವಾದದ ಕಟ್ಟಡವನ್ನೇ ತೂಗುವ ವಿದ್ಯೆ ಕನ್ನಡ ನಾಡಿಗೆ ಸಾವಿರ ವರ್ಷಕ್ಕೂ ಹಳೆಯದು.

ಬೆಟ್ಟದಲ್ಲಿ ಬೆಂಕಿಯಿದೆ; ಏಕೆಂದರೆ ಹೊಗೆಯಿದೆ; ಅಡುಗೆಮನೆಯಲ್ಲಿ ಕಂಡಂತೆ. ಇದು ನಮ್ಮ ತಾರ್ಕಿಕರ ಮಾದರಿ. ಬೌದ್ಧ ಪಂಡಿತ ದಿಙ್ನಾಗನು ಸರಿಯಾದ ಹೇತುವಿಗೆ ಮೂರು ಲಕ್ಷಣಗಳನ್ನು ಹೇಳಿದನು. ಹೊಗೆ ಆ ಬೆಟ್ಟದಲ್ಲಿರಬೇಕು. ಬೆಂಕಿಯುಳ್ಳ ಅಡುಗೆಮನೆಯಂಥ ಕಡೆ ಕಂಡಿರಬೇಕು. ಬೆಂಕಿಯಿಲ್ಲದ ಕೆರೆಯಂಥ ಕಡೆ ಕಾಣಕೂಡದು.

ಜೈನ ತಾರ್ಕಿಕನಾದ ಪಾತ್ರಕೇಸರಿ ಇದನ್ನು ಒಪ್ಪಲಿಲ್ಲ. ಅವನ ‘ತ್ರಿಲಕ್ಷಣಕದರ್ಥನ’ ಇಂದು ಉಳಿದಿಲ್ಲ. ಶ್ರವಣಬೆಳಗೊಳದ 1129ರ ಮಲ್ಲಿಷೇಣ ಪ್ರಶಸ್ತಿ ಅದನ್ನು ನೆನೆಯುತ್ತದೆ. ಜೈನರು ಒಡ್ಡಿದ ಉದಾಹರಣೆ ಇದು: ಮಿತ್ರೆಯ ಮಕ್ಕಳೆಲ್ಲ ಕಪ್ಪು, ಗರ್ಭದಲ್ಲಿರುವ ಶಿಶುವೂ ಅವಳದೇ, ಆದುದರಿಂದ ಅದೂ ಕಪ್ಪು. ಮೂರು ಲಕ್ಷಣಗಳೂ ಕೂಡಿಬಂದವು. ಅಚ್ಚು ಹೊಗೆಯ ವಾದದ್ದೇ. ಆದರೂ ಮಗು ಬೆಳ್ಳಗೆ ಹುಟ್ಟಬಹುದು!

ಎಂಟನೆಯ ಶತಮಾನದ ಅಕಳಂಕನು ಇದಕ್ಕೆ ವಿರುದ್ಧವಾದ ನಿದರ್ಶನವನ್ನು ಕೊಟ್ಟನು: ಕೃತ್ತಿಕೆ ಉದಿಸಿತು, ಇನ್ನು ರೋಹಿಣಿ ಉದಿಸುವುದು. ಕೃತ್ತಿಕೆಯ ಉದಯ ರೋಹಿಣಿಯಲ್ಲಿರುವ ಗುಣವಲ್ಲ. ಮೊದಲ ಲಕ್ಷಣವೇ ಇಲ್ಲಿಲ್ಲ. ಅನುಮಾನ ಮಾತ್ರ ತಪ್ಪುವುದಿಲ್ಲ. ಕೃತ್ತಿಕೆಯ ಬೆನ್ನಿಗೆ ರೋಹಿಣಿಯ ಮಳೆಯನ್ನು ಎಣಿಸುವ ಮೇಡ್ಲೇರಿಯ ಬೇಸಾಯಗಾರನಿಗೆ ಈ ನಕ್ಷತ್ರಗಳ ಕ್ರಮವನ್ನು ಹೇಳಿಕೊಡಬೇಕಾಗಿಲ್ಲ.

ಹಾಗಾದರೆ ಹೇತುವಿನ ನಿಜವಾದ ಲಕ್ಷಣ ಯಾವುದು? ಜೈನರ ಉತ್ತರ ಒಂದೇ: ಅನ್ಯಥಾನುಪಪತ್ತಿ. ಬೆಂಕಿಯಿಲ್ಲದೆ ಹೊಗೆ ಹುಟ್ಟಲಾರದು. ಆ ‘ಇಲ್ಲದೆ ಆಗದು’ ಎಂಬ ಬಿಗಿಯೇ ವಾದದ ಪ್ರಾಣ. ಮಿತ್ರೆಯ ಮಗುವಿಗೂ ಕಪ್ಪು ಬಣ್ಣಕ್ಕೂ ಅಂಥ ಬಿಗಿಯಿಲ್ಲ.

ಕಾಲೇಜು ಅಧ್ಯಾಪಕರಾಗಬಯಸುವವರು ಬರೆಯುವ ಯುಜಿಸಿ ಪರೀಕ್ಷೆಯ ಪಠ್ಯಕ್ರಮದಲ್ಲಿ 2019ರಿಂದ ವ್ಯಾಪ್ತಿ, ಹೇತ್ವಾಭಾಸಗಳೂ ಸೇರಿವೆ. ಇದು ಸಂತೋಷದ ಸಂಗತಿಯೇ. ಆದರೆ ಇದರ ಬೆಲೆ ಅಂಕಗಳಲ್ಲಿ ಮುಗಿಯುವುದಿಲ್ಲವೆಂದು ನನ್ನ ನಂಬಿಕೆ. ಆ ಮನೆಯವರೆಲ್ಲ ಹಾಗೆಯೇ, ಇವನೂ ಹಾಗೆಯೇ ಇದ್ದಾನು ಎಂಬ ಮಾತನ್ನು ನಾವು ದಿನವೂ ಕೇಳುತ್ತೇವೆ, ಆಡುತ್ತೇವೆ ಕೂಡ. ಅದು ಬೆಟ್ಟದ ಹೊಗೆಯ ವೇಷ ತೊಟ್ಟ ಮಿತ್ರೆಯ ಮಗುವಿನ ವಾದ. ಇನ್ನೂ ಹುಟ್ಟದ ಶಿಶುವಿನ ಮೇಲೆ ತೀರ್ಪು ಕೊಡಬೇಡಿರೆಂದು ಆ ತಾರ್ಕಿಕರು ಅಂದೇ ಎಚ್ಚರಿಸಿದ್ದರು.