ಪೋರ್ಟಲ್ ಅಭಿಧಮನಿಯ ಇಕ್ಕಟ್ಟು ಮತ್ತು ಯಕೃತ್ತಿನ ಮರುಬೆಳವಣಿಗೆ: ಜೀವಂತ ದಾನಿಯ ಕಸಿಯನ್ನು ಮುಂದಿಟ್ಟುಕೊಂಡು ಒಂದು ವಿವೇಚನೆ

ನಮ್ಮ ದೇಶದಲ್ಲಿ ಯಕೃತ್ ಕಸಿಗೆ ಬೇಕಾದ ಯಕೃತ್ತಿನ ಭಾಗ ಬಹುಪಾಲು ಬದುಕಿರುವ ಬಂಧುಗಳಿಂದಲೇ ಬರುತ್ತದೆ. ದಾನಿಯಲ್ಲಿ ಉಳಿದದ್ದೂ ಬೆಳೆಯಬೇಕು, ರೋಗಿಗೆ ಕೂಡಿಸಿದ್ದೂ ಬೆಳೆಯಬೇಕು. ಎರಡರ ಬೆಳವಣಿಗೆಯೂ ಪೋರ್ಟಲ್ ಅಭಿಧಮನಿಯನ್ನು ನೆಚ್ಚಿಕೊಂಡಿದೆ.

ಯಕೃತ್ತಿಗೆ ಹೋಗುವ ರಕ್ತದ ಸುಮಾರು ಮುಕ್ಕಾಲು ಪಾಲು ಈ ನಾಳದ್ದು. 1920ರಲ್ಲಿ ರೌಸ್ ಮತ್ತು ಲ್ಯಾರಿಮೋರ್ ಮೊಲಗಳಲ್ಲಿ ಅದರ ಒಂದು ಕವಲನ್ನು ಕಟ್ಟಿದಾಗ ಆ ಕಡೆಯ ಹಾಲೆ ಸೊರಗಿತು, ರಕ್ತ ಹರಿದ ಹಾಲೆ ಹಿಗ್ಗಿತು. 1931ರಲ್ಲಿ ಹಿಗ್ಗಿನ್ಸ್ ಮತ್ತು ಆಂಡರ್ಸನ್ ಇಲಿಯ ಯಕೃತ್ತಿನ ಸುಮಾರು ಮೂರನೇ ಎರಡು ಭಾಗವನ್ನು ತೆಗೆದು, ಮರುಬೆಳವಣಿಗೆಯನ್ನು ಅಳೆಯುವ ಮಾದರಿಯೊಂದನ್ನು ಕೊಟ್ಟರು. ಎರಡನ್ನೂ ಕೂಡಿಸಿ ಓದಿದರೆ ನಾಳ ಕಿರಿದಾದಷ್ಟೂ ಬೆಳವಣಿಗೆ ಕುಗ್ಗುತ್ತದೆ ಎನಿಸುತ್ತದೆ. ಅದು ಅರ್ಧ ಸತ್ಯ.

ಒಂದು ಸರಳ ಲೆಕ್ಕ ನೋಡೋಣ. 1200 ಗ್ರಾಂ ಯಕೃತ್ತಿಗೆ ನಿಮಿಷಕ್ಕೆ 1200 ಮಿ.ಲೀ. ಪೋರ್ಟಲ್ ರಕ್ತ ಹರಿಯುತ್ತಿದ್ದರೆ, 100 ಗ್ರಾಂಗೆ 100 ಮಿ.ಲೀ. ಸಿಗುತ್ತದೆ. 400 ಗ್ರಾಂ ಮಾತ್ರ ಉಳಿದು ಹರಿವು ಹಾಗೇ ಇದ್ದರೆ ಅದು 300 ಮಿ.ಲೀ. ಆಗುತ್ತದೆ. ಇಕ್ಕಟ್ಟಿನಿಂದ ಹರಿವು ಅರ್ಧಕ್ಕಿಳಿದರೂ 150 ಮಿ.ಲೀ. ಇದೆ, ಮೊದಲಿಗಿಂತ ಹೆಚ್ಚೇ. ಐದನೇ ಒಂದಕ್ಕಿಳಿದರೆ ಮಾತ್ರ 60 ಮಿ.ಲೀ.; ಅದು ನಿಜವಾದ ಬರ. ಹೀಗಿರುವಾಗ ಉಳಿದ ಯಕೃತ್ತಿನ ತೂಕ ಹೇಳದೆ ಬರೀ ನಾಳದ ವ್ಯಾಸವನ್ನು ವರದಿ ಮಾಡುವುದರಿಂದ ಹೆಚ್ಚು ತಿಳಿಯುವುದಿಲ್ಲ ಎಂಬುದು ನನ್ನ ವಾದ.

ಹೆಚ್ಚಿದ ಹರಿವು ನಾಳಗಳ ಒಳಪದರವನ್ನು ಉಜ್ಜುತ್ತದೆ. ಒಂದು ಮಿತಿಯೊಳಗೆ ಆ ಉಜ್ಜುವಿಕೆಯೇ ಜೀವಕೋಶಗಳಿಗೆ ವಿಭಜನೆಯ ಸೂಚನೆ. ಮಿತಿ ಮೀರಿದರೆ ಒಳಪದರ ಕಿತ್ತುಬರುತ್ತದೆ, ಯಕೃತ್ ಅಪಧಮನಿ ಸಂಕುಚಿಸುತ್ತದೆ, ಪುಟ್ಟ ಕಸಿಭಾಗ ಊದಿಕೊಂಡು ಸೋಲುತ್ತದೆ. ಕಸಿಭಾಗದ ತೂಕ ರೋಗಿಯ ದೇಹತೂಕದ ಶೇ. 0.8ಕ್ಕಿಂತ ಕಡಿಮೆಯಿದ್ದಾಗ ಶಸ್ತ್ರಚಿಕಿತ್ಸಕರು ಎಚ್ಚರವಾಗುವುದು, ಬೇಕೆನಿಸಿದರೆ ಗುಲ್ಮದ ಅಪಧಮನಿಯನ್ನು ಕಟ್ಟಿ ಪೋರ್ಟಲ್ ಹರಿವನ್ನು ತಾವೇ ಇಳಿಸುವುದು ಇದಕ್ಕಾಗಿಯೇ. ಹಿತಮಿತವಾದ ಇಕ್ಕಟ್ಟು ಅಲ್ಲಿ ಕಾವಲಿನ ಕೆಲಸ ಮಾಡಬಲ್ಲುದು.

ಕೆಳಗಿನ ಮಿತಿ ಬೇರೆ ಬಗೆಯದು. ಪೋರ್ಟಲ್ ಹರಿವು ತಗ್ಗಿದಾಗ ಅಪಧಮನಿ ಹಿಗ್ಗಿ ಆಮ್ಲಜನಕದ ಕೊರತೆಯನ್ನು ಒಂದಿಷ್ಟು ತುಂಬೀತು. ಆದರೆ ಮೇದೋಜೀರಕ ಗ್ರಂಥಿಯಿಂದ ನೇರವಾಗಿ ಬರುವ ಗಾಢ ಇನ್ಸುಲಿನ್ ಅದರಲ್ಲಿಲ್ಲ. ಪೋರ್ಟಲ್ ರಕ್ತ ತಪ್ಪಿದ ಯಕೃತ್ತು ಬಾಡುತ್ತದೆ, ಇನ್ಸುಲಿನ್ ಊಡಿದರೆ ಅಷ್ಟಿಷ್ಟು ಚೇತರಿಸುತ್ತದೆ ಎಂಬುದನ್ನು ಥಾಮಸ್ ಸ್ಟಾರ್ಜ್ಲ್ ತಂಡ 1970ರ ದಶಕದಲ್ಲಿ ನಾಯಿಗಳಲ್ಲಿ ತೋರಿಸಿತ್ತು.

ಕಸಿಯಲ್ಲಿ ಇಕ್ಕಟ್ಟು ಹುಟ್ಟುವ ಒಂದು ಜಾಗ ಹೊಲಿಗೆ. ಸುತ್ತಲೂ ಹೊಲಿದ ದಾರವನ್ನು ಬಿಗಿಯಾಗಿ ಎಳೆದು ಗಂಟು ಹಾಕಿದರೆ ಬಾಯಿ ಸುರುಕುತ್ತದೆ. ಸ್ಟಾರ್ಜ್ಲ್ ತಂಡವೇ 1984ರಲ್ಲಿ ಸೂಚಿಸಿದ ಉಪಾಯ ತೀರ ಸರಳ: ಗಂಟನ್ನು ನಾಳದ ಗೋಡೆಗೆ ಒತ್ತದೆ, ತುಸು ದೂರದಲ್ಲಿ ಹಾಕಿ ದಾರವನ್ನು ಸಡಿಲ ಬಿಡುವುದು. ಹಿಡಿಕೆ ಬಿಟ್ಟು ರಕ್ತ ನುಗ್ಗಿದಾಗ ನಾಳ ಉಬ್ಬುತ್ತದೆ, ಸಡಿಲ ದಾರ ಹೊಲಿಗೆಯೊಳಗೆ ಸರಿದುಹೋಗುತ್ತದೆ.

ಕಾಲವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಬೆಳವಣಿಗೆಯ ರಭಸವೆಲ್ಲ ಮೊದಲ ಕೆಲವು ವಾರಗಳದ್ದು. ಆಗಿನ ತೀವ್ರ ಇಕ್ಕಟ್ಟು ಯಕೃತ್ತನ್ನೇ ಕುಂಠಿಸುತ್ತದೆ. ಹುಟ್ಟಿನಿಂದಲೇ ಪಿತ್ತನಾಳ ಮುಚ್ಚಿದ ಮಕ್ಕಳಲ್ಲಿ ಪೋರ್ಟಲ್ ನಾಳ ಮೊದಲೇ ತೆಳು. ಅವರಲ್ಲಿ ಕಸಿಯಾಗಿ ತಿಂಗಳು, ವರ್ಷಗಳ ಮೇಲೆ ಇಕ್ಕಟ್ಟು ಕಾಣಿಸಿಕೊಂಡರೆ ಯಕೃತ್ತು ಅಷ್ಟರಲ್ಲಿ ಬೆಳೆದಿರುತ್ತದೆ. ತೊಂದರೆ ಊದಿದ ಗುಲ್ಮವಾಗಿ, ಅನ್ನನಾಳದ ಉಬ್ಬಿದ ಸಿರೆಗಳಾಗಿ ತಲೆದೋರುತ್ತದೆ. ಅಲ್ಲಿ ಬಲೂನಿನಿಂದ ನಾಳವನ್ನು ಹಿಗ್ಗಿಸುವ ಉದ್ದೇಶ ಒತ್ತಡ ಇಳಿಸುವುದೇ ಹೊರತು ಮರುಬೆಳವಣಿಗೆ ಅಲ್ಲ.