ನೆಗೆಟಿವ್ ಎಂಬ ಮೂಲಪ್ರತಿ

ಕನ್ನಡ ಶಾಸನಾಧ್ಯಯನದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಜೆ.ಎಫ್. ಫ್ಲೀಟ್, ಬಿ.ಎಲ್. ರೈಸ್, ಆರ್. ನರಸಿಂಹಾಚಾರ್ ಮೊದಲಾದ ವಿದ್ವಾಂಸರಿಂದ ಆರಂಭಿಸುತ್ತಾರೆ. ಈ ವಿದ್ವಾಂಸರ ಪಾಠಗಳು ಅಚ್ಚಾಗುವ ಮೊದಲೇ ಕಲ್ಲಿನೆದುರು ಕ್ಯಾಮೆರಾ ಬಂದು ನಿಂತಿತ್ತೆಂಬುದನ್ನು ನೆನೆಯುವವರು ವಿರಳ. ಮೇಜರ್ ಡಿಕ್ಸನ್ ಅವರು ಮೈಸೂರು ಸೀಮೆಯ ಶಾಸನಗಳ ಛಾಯಾಚಿತ್ರಗಳನ್ನು ತೆಗೆದದ್ದು 1865ರಲ್ಲಿ. ಡಾ. ಪಿಗೂ ಮತ್ತು ಕರ್ನಲ್ ಬಿಗ್ಸ್ ತೆಗೆದ ಧಾರವಾಡ–ಮೈಸೂರು ಪ್ರಾಂತಗಳ ಶಾಸನಚಿತ್ರಗಳನ್ನು ಟಿ.ಸಿ. ಹೋಪ್ 1866ರಲ್ಲಿ ಪ್ರಕಟಿಸಿದರು. ಫ್ಲೀಟ್ ಅವರ 1878ರ ಸಂಕಲನವಾಗಲಿ, ರೈಸ್ ಅವರ 1879ರ 'ಮೈಸೂರ್ ಇನ್‌ಸ್ಕ್ರಿಪ್ಷನ್ಸ್' ಆಗಲಿ ಇಂತಹ ಚಿತ್ರಸಂಗ್ರಹಗಳ ನೆರವಿಲ್ಲದೆ ಆ ರೂಪದಲ್ಲಿ ಬರುತ್ತಿರಲಿಲ್ಲ. ಆದ್ದರಿಂದ ಛಾಯಾಚಿತ್ರವನ್ನು ಶಾಸನಗ್ರಂಥದ ಅಲಂಕಾರವೆಂದು ಬಗೆಯುವುದು ಸರಿಯಲ್ಲ. ಅದು ಪಾಠದ ಆಕರಗಳಲ್ಲೊಂದು.

ಇಂಗ್ಲೆಂಡಿನ ಟಾಲ್ಬಟ್ 1835ರಲ್ಲಿ ಲೇಕಾಕ್ ಅಬ್ಬೆಯ ಕಿಟಕಿಯೊಂದನ್ನು ಕಾಗದದ ಮೇಲೆ ಹಿಡಿದಾಗ ಬೆಳಕು ಕಪ್ಪಾಗಿಯೂ ನೆರಳು ಬಿಳುಪಾಗಿಯೂ ಮೂಡಿತು. ಈ ವಿಪರ್ಯಾಸವನ್ನೇ ಅವರು ಉಪಾಯವಾಗಿಸಿಕೊಂಡರು. ಒಂದು ನೆಗೆಟಿವ್ ಇದ್ದರೆ ಎಷ್ಟು ಮುದ್ರಿಕೆಗಳನ್ನಾದರೂ ತೆಗೆಯಬಹುದು. ಅವರೇ 1846ರಲ್ಲಿ ಈಜಿಪ್ಟಿನ ಚಿತ್ರಲಿಪಿಯ ಶಾಸನವೊಂದನ್ನು ಈ ವಿಧಾನದಿಂದ ಮುದ್ರಿಸಿ ಹಂಚಿದರು. ಛಾಯಾಚಿತ್ರಣಕ್ಕೂ ಶಾಸನಕ್ಕೂ ಇರುವ ನಂಟು ಅಷ್ಟು ಹಳೆಯದು.

ನಮ್ಮ ಶಾಸನಜ್ಞರಿಗೆ ನೆಗೆಟಿವಿನ ರೂಪ ಅಪರಿಚಿತವೇನಲ್ಲ. ಕಲ್ಲಿನ ಮೇಲೆ ಒದ್ದೆ ಕಾಗದವನ್ನು ಹೊಡೆದು ಕೂರಿಸಿ ಮಸಿ ಹಚ್ಚಿ ತೆಗೆಯುವ ಪಡಿಯಚ್ಚಿನಲ್ಲಿ ಮಸಿ ತಗುಲದ ಅಕ್ಷರಗಳು ಕರಿಯ ನೆಲದ ಮೇಲೆ ಬೆಳ್ಳಗೆ ನಿಲ್ಲುತ್ತವೆ. ಓರೆಬಿಸಿಲಿನಲ್ಲಿ ತೆಗೆದ ನೆಗೆಟಿವಿನಲ್ಲೂ ಅಷ್ಟೇ: ಕೆತ್ತಿದ ಗೆರೆಯೊಳಗಿನ ನೆರಳು ಬೆಳ್ಳಗೆ ಹೊಳೆಯುತ್ತದೆ.

ಈಗ ನನ್ನ ಮುಖ್ಯ ವಿಷಯಕ್ಕೆ ಬರುತ್ತೇನೆ. ಗ್ರಂಥಸಂಪಾದನೆಯನ್ನು ಓದಿದ ವಿದ್ಯಾರ್ಥಿಗೆ ಮೂಲಪ್ರತಿಗೂ ಅದರಿಂದ ಇಳಿದ ಪ್ರತಿಗಳಿಗೂ ಇರುವ ಸಂಬಂಧವನ್ನು ವಿವರಿಸಬೇಕಾಗಿಲ್ಲ. ನೆಗೆಟಿವ್ ಮೂಲಪ್ರತಿ, ಕತ್ತಲಕೋಣೆಯಲ್ಲಿ ತೆಗೆದ ಮುದ್ರಿಕೆ ಅದರ ಪ್ರತಿ, ಗ್ರಂಥದಲ್ಲಿ ಅಚ್ಚಾದ ಬ್ಲಾಕು ಪ್ರತಿಯ ಪ್ರತಿ. ಮುದ್ರಿಸುವವನು ಯಾವ ಕಾಗದ ಬಳಸಿದ, ಎಷ್ಟು ಕ್ಷಣ ಬೆಳಕು ಕೊಟ್ಟ, ಅಂಚನ್ನು ಎಲ್ಲಿ ಕತ್ತರಿಸಿದ ಎಂಬುದೆಲ್ಲ ಲಿಪಿಕಾರನ ನಿರ್ಧಾರಗಳೇ. ನಾವು ಅಚ್ಚಿನ ಪುಟವನ್ನು ಭೂತಗನ್ನಡಿಯಲ್ಲಿ ನೋಡಿ ಅಕ್ಷರಕ್ಕಾಗಿ ಜಗಳವಾಡುವುದು ಬಹುಮಟ್ಟಿಗೆ ಮೂರನೆಯ ತಲೆಮಾರಿನ ಪ್ರತಿಯನ್ನು ಹಿಡಿದುಕೊಂಡು.

ತೊಂಬತ್ತರ ದಶಕದಲ್ಲಿ ಪಿಎಚ್.ಡಿ. ಕ್ಷೇತ್ರಕಾರ್ಯ ಮಾಡಿದ ನನ್ನ ತಲೆಮಾರಿನ ಅಧ್ಯಾಪಕರ ಮನೆಗಳಲ್ಲಿ ವೀರಗಲ್ಲು, ಮಾಸ್ತಿಕಲ್ಲು, ನಿಸಿಧಿಗಲ್ಲು, ಓಲೆಗರಿಗಳ ನೆಗೆಟಿವ್ ಸುರುಳಿಗಳು ಬೀರುಗಳಲ್ಲಿ ಬಿದ್ದಿವೆ. ಒಂದು ರೋಲಿಗೆ 36 ಚಿತ್ರ. ಕಲ್ಲೊಂದಕ್ಕೆ ಎರಡು, ಹೆಚ್ಚೆಂದರೆ ಮೂರು. ಆ ಕಲ್ಲುಗಳಲ್ಲಿ ಕೆಲವು ಈಗ ರಸ್ತೆಯ ಅಡಿಗೆ ಹೋಗಿವೆ, ಕೆಲವಕ್ಕೆ ಎಣ್ಣೆಬಣ್ಣ ಬಳಿದು ಪೂಜೆ ಸಲ್ಲುತ್ತಿದೆ. ಭಕ್ತರನ್ನು ದೂರಿ ಫಲವಿಲ್ಲ. ಬಣ್ಣದ ಕೆಳಗಿನ ಅಕ್ಷರಕ್ಕೆ ಉಳಿದ ಸಾಕ್ಷಿ ಮಾತ್ರ ನಮ್ಮ ಬೀರುವಿನಲ್ಲಿದೆ.

ಆ ಸಾಕ್ಷಿಯೂ ಚಿರಸ್ಥಾಯಿಯಲ್ಲ. ಆ ಕಾಲದ ರೋಲ್ ಫಿಲ್ಮುಗಳ ಆಧಾರಪದರ ಬಹುಪಾಲು ಸೆಲ್ಯುಲೋಸ್ ಅಸಿಟೇಟ್. ಸೆಕೆ ಮತ್ತು ತೇವಕ್ಕೆ ಅದು ಒಡೆಯುತ್ತ ಅಸಿಟಿಕ್ ಆಮ್ಲವನ್ನು ಬಿಡುತ್ತದೆ. ಹೊರಬಿದ್ದ ಆಮ್ಲವೇ ಮುಂದಿನ ಒಡೆತವನ್ನು ತೀವ್ರಗೊಳಿಸುತ್ತದೆ. ಡಬ್ಬಿ ತೆರೆದೊಡನೆ ವಿನೆಗರಿನ ವಾಸನೆ ಬಂದರೆ ರೋಗ ಹಿಡಿದಿದೆಯೆಂದೇ ಅರ್ಥ. ಬಳಿಕ ಆಧಾರಪದರ ಕುಗ್ಗಿ, ಮೇಲಿನ ಚಿತ್ರಪದರ ಸುಕ್ಕುಗಟ್ಟುತ್ತದೆ. 21 ಡಿಗ್ರಿ ಉಷ್ಣತೆ, ಶೇಕಡ 50 ಆರ್ದ್ರತೆಯಲ್ಲಿ ಇಟ್ಟ ಹೊಸ ಫಿಲ್ಮಿಗೆ ಈ ರೋಗ ತಗುಲಲು ಸುಮಾರು 40 ವರ್ಷ ಬೇಕೆಂಬುದು ತಜ್ಞರ ಅಂದಾಜು. ಕರಾವಳಿ ಮಲೆನಾಡುಗಳ ಮಳೆಗಾಲವನ್ನು ಕಂಡವರು ಅಷ್ಟು ಅವಧಿಯನ್ನು ನಿರೀಕ್ಷಿಸಲಾರರು. ನನ್ನ 41 ರೋಲುಗಳಲ್ಲಿ ನಾಲ್ಕಕ್ಕೆ ಆಗಲೇ ವಾಸನೆ ಹುಟ್ಟಿದೆ.

ಹಾಗಾಗಿ ಪ್ರತಿ ಎತ್ತಬೇಕು. ಮೊದಲ ಎರಡು ರೋಲುಗಳನ್ನು ಒಂದು ಅಂಗಡಿಗೆ ಕೊಟ್ಟು ನೋಡಿದೆ. ಅಂಚು ಕತ್ತರಿಸಿ, ಅಂಕಿಗಳನ್ನು ಅಳಿಸಿ, ಅಕ್ಷರದ ಗೆರೆಗಳನ್ನು ಕೃತಕವಾಗಿ ತೀಡಿ ಹಿಂದಿರುಗಿಸಿದರು. ಮದುವೆಯ ಚಿತ್ರಕ್ಕೆ ಅದು ಸಾಕಾದೀತು. ಶಾಸನಕ್ಕಾಗಿ ಮನೆಯಲ್ಲೇ ವ್ಯವಸ್ಥೆ ಮಾಡಿಕೊಳ್ಳುವುದು ಲೇಸು. ಅದು ಕಷ್ಟವೂ ಅಲ್ಲ. ಕೆಳಮುಖವಾಗಿ ಕ್ಯಾಮೆರಾ ಬಿಗಿಯುವ ಕಂಬವುಳ್ಳ ಕಾಪಿ ಸ್ಟ್ಯಾಂಡ್, ಮ್ಯಾಕ್ರೋ ಲೆನ್ಸ್, ಸಮನಾದ ಬೆಳಕಿನ ಎಲ್‌ಇಡಿ ಹಲಗೆ, ಫಿಲ್ಮನ್ನು ಚಪ್ಪಟೆಯಾಗಿ ಹಿಡಿಯುವ ಚೌಕಟ್ಟು ಇಷ್ಟಿದ್ದರೆ ಆಯಿತು. ಫಿಲ್ಮು ಹಲಗೆಗೆ ತಾಗದೆ ಕೆಲವು ಸೆಂಟಿಮೀಟರ್ ಮೇಲಿರಬೇಕು, ಇಲ್ಲವಾದರೆ ಹಲಗೆಯ ಮೇಲಿನ ಧೂಳೂ ಚಿತ್ರದಲ್ಲಿ ಕೂರುತ್ತದೆ. ಕ್ಯಾಮೆರಾ ಫಿಲ್ಮಿಗೆ ಸಮಾನಾಂತರವಾಗಿದೆಯೇ ಎಂದು ತಿಳಿಯಲು ಫಿಲ್ಮಿನ ಸ್ಥಾನದಲ್ಲಿ ಪುಟ್ಟ ಕನ್ನಡಿಯನ್ನಿಟ್ಟು ನೋಡಿ. ಲೆನ್ಸಿನ ಪ್ರತಿಬಿಂಬ ಚಿತ್ರದ ನಟ್ಟನಡುವೆ ಕಂಡರೆ ಸರಿಯಾಗಿದೆ. 36 ಮಿಲಿಮೀಟರ್ ಅಗಲದ ನೆಗೆಟಿವನ್ನು ಅದೇ ಗಾತ್ರದ ಸಂವೇದಕವುಳ್ಳ 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಪೂರ್ಣವಾಗಿ ತುಂಬಿಸಿದರೆ ಅಡ್ಡಕ್ಕೆ 6000 ಬಿಂದುಗಳು, ಎಂದರೆ ಅಂಗುಲಕ್ಕೆ 4200ರಷ್ಟು ದೊರೆಯುತ್ತವೆ. ಎಫ್ 8ರ ಆಸುಪಾಸಿನ ದ್ಯುತಿರಂಧ್ರ, ಐಎಸ್‌ಒ 100, ಅಲುಗದಂತೆ ಟೈಮರ್. ಕೇಂದ್ರೀಕರಿಸಬೇಕಾದದ್ದು ಅಕ್ಷರದ ಮೇಲಲ್ಲ, ಫಿಲ್ಮಿನ ಬೆಳ್ಳಿಯ ಕಣದ ಮೇಲೆ. ಅಕ್ಷರ ಆಗಲೇ ಮಸುಕಾಗಿದ್ದರೆ ಅದನ್ನು ನಂಬಿ ಕೂರುವಂತಿಲ್ಲ.

ಕಪ್ಪುಬಿಳುಪು ಫಿಲ್ಮಿನ ಧೂಳನ್ನು ಕೈಯಿಂದಲೇ ತೆಗೆಯಬೇಕು. ಸ್ಕ್ಯಾನರುಗಳ ಅವಕೆಂಪು ಶುದ್ಧೀಕರಣ ಬೆಳ್ಳಿಯ ಚಿತ್ರಕ್ಕೆ ಹೊಂದುವುದಿಲ್ಲ, ಏಕೆಂದರೆ ಬೆಳ್ಳಿ ಆ ಕಿರಣವನ್ನೂ ತಡೆಯುತ್ತದೆ. ಗಾಳಿಯೂದುವ ರಬ್ಬರ್ ಉಂಡೆ, ಮೃದು ಕುಂಚ, ತಾಳ್ಮೆ, ಬಾಯಿಂದ ಊದಬಾರದು.

ಇಲ್ಲಿಂದ ಮುಂದಿನದು ಸಂಪಾದಕನ ಕೆಲಸ. ಫಿಲ್ಮಿನ ಹೊಳಪಿನ ಮಗ್ಗುಲು ಲೆನ್ಸಿನ ಕಡೆಗಿದ್ದರೆ ಚಿತ್ರ ನೇರ, ಮಂಕು ಮಗ್ಗುಲಿದ್ದರೆ ಎಡಬಲ ಅದಲುಬದಲು. ಅಕ್ಷರವಿದ್ದ ಕಲ್ಲಿನಲ್ಲಿ ಇದು ಕೂಡಲೇ ಗೊತ್ತಾಗುತ್ತದೆ. ಅಕ್ಷರವಿಲ್ಲದ ವೀರಗಲ್ಲಿನಲ್ಲಿ ವೀರನ ಕತ್ತಿ ಎಡಗೈಗೆ ಬರುತ್ತದೆ, ಮೇಲಿನ ಸೂರ್ಯಚಂದ್ರರು ಸ್ಥಳ ಬದಲಿಸುತ್ತಾರೆ. ಎಡಗೈ ಯೋಧನ ಬಗ್ಗೆ ಯಾರಾದರೂ ಪ್ರಬಂಧ ಬರೆದರೂ ಬರೆದಾರು! ಫಿಲ್ಮಿನ ಅಂಚಿನ ಅಂಕಿಗಳನ್ನು ಸೇರಿಸಿಯೇ ಚಿತ್ರ ತೆಗೆಯಬೇಕೆಂದು ನಾನು ಹೇಳುವುದು ಇದಕ್ಕಾಗಿ. ಅವು ನೇರವಾಗಿ ಓದಿಸಿಕೊಂಡರೆ ಚಿತ್ರವೂ ನೇರ. ಜೊತೆಗೆ ಅದೇ ಅಂಕಿ ಯಾವ ಕಲ್ಲಿನ ನಂತರ ಯಾವ ಕಲ್ಲನ್ನು ತೆಗೆಯಲಾಯಿತೆಂಬುದನ್ನು ಕ್ಷೇತ್ರಕಾರ್ಯದ ಟಿಪ್ಪಣಿಪುಸ್ತಕದೊಡನೆ ಕೂಡಿಸುತ್ತದೆ. ಓಲೆಗರಿಯ ಪುಷ್ಪಿಕೆಯನ್ನು ಕತ್ತರಿಸಿ ಎಸೆಯುವವರುಂಟೆ?

ಒಂದು ನಿದರ್ಶನ. ಕೆರೆಯ ಏರಿಯ ಮೇಲಿದ್ದ ವೀರಗಲ್ಲೊಂದರ ಕೆಳಪಟ್ಟಿಕೆಯಲ್ಲಿ ಊರ ಹೆಸರಿನ ಮೊದಲಕ್ಷರ ಪಕಾರವೋ ವಕಾರವೋ ಎಂಬ ಸಂಶಯವಿತ್ತು. ಹಳಗನ್ನಡ ಲಿಪಿಯಲ್ಲಿ ನೆತ್ತಿ ತೆರೆದಿದ್ದರೆ ಪ, ಮುಚ್ಚಿದ್ದರೆ ವ. ಅಂದಿನ ಮುದ್ರಿಕೆಯಲ್ಲಿ ಆ ಭಾಗಕ್ಕೆ ಬಿಸಿಲು ಹೊಡೆದು ಎಲ್ಲವೂ ಬೆಳ್ಳಗಾಗಿತ್ತು. ಪ್ರಬಂಧದಲ್ಲಿ ಪ್ರಶ್ನಾರ್ಥಕ ಚಿಹ್ನೆಯೊಡನೆ ವಕಾರವನ್ನು ಕೊಟ್ಟಿದ್ದೆ. ಬಿಸಿಲು ಬಿದ್ದ ಜಾಗ ನೆಗೆಟಿವಿನಲ್ಲಿ ದಟ್ಟ ಕಪ್ಪು. ಆ ಕಪ್ಪಿನಲ್ಲಿ ಕಾಗದಕ್ಕೆ ಇಳಿಯದ ವಿವರವಿರುತ್ತದೆ. ಬರಿಯ ಫಿಲ್ಮು ಸುಟ್ಟುಹೋಗದಂತೆ ಒಂದು ಚಿತ್ರ, ದಟ್ಟ ಭಾಗಕ್ಕಾಗಿ ಮೂರು ಪಟ್ಟು ಹೆಚ್ಚು ಬೆಳಕು ಕೊಟ್ಟು ಇನ್ನೊಂದು ಚಿತ್ರ ತೆಗೆದಾಗ ಎರಡು ಗೆರೆಗಳ ನಡುವೆ ನೆತ್ತಿಯಲ್ಲಿ ತೆರಪು ಕಂಡಿತು. ಸಂಜೆಯ ಬೆಳಕಿನಲ್ಲಿ ತೆಗೆದ ಎರಡನೆಯ ನೆಗೆಟಿವಿನಲ್ಲೂ ಅದೇ ತೆರಪು. ಪಕಾರವೆನ್ನಲು ಈಗ ಆಧಾರವಿದೆ. ಕಲ್ಲನ್ನು ಕೇಳೋಣವೆಂದರೆ ಕೆಳಪಟ್ಟಿಕೆ ಸಿಮೆಂಟು ಕಟ್ಟೆಯೊಳಗೆ ಹುದುಗಿದೆ.

ಈ ತೆರಪನ್ನು ಗೀರೆಂದು ಬಗೆದು ಮುಚ್ಚಿಬಿಡುವ ತಂತ್ರಾಂಶಗಳು ಈಗ ಧಾರಾಳವಾಗಿವೆ. ಹೊಸ ಕೃತಕ ಬುದ್ಧಿಮತ್ತೆಯ ಸಾಧನಗಳಂತೂ ಇಲ್ಲದ ಗೆರೆಯನ್ನು ತಾವೇ ಕೆತ್ತಿಕೊಡುತ್ತವೆ. ಪಾಠಾಂತರ ಸೂಚಿಸದೆ ಕಾವ್ಯವನ್ನು ತಿದ್ದುವ ಸಂಪಾದಕನನ್ನು ನಾವು ಒಪ್ಪುವುದಿಲ್ಲವಾದರೆ ಇದನ್ನೂ ಒಪ್ಪಲಾಗದು. ಕ್ಯಾಮೆರಾ ಕೊಟ್ಟ ರಾ ಕಡತವನ್ನು ಯಥಾಪ್ರತಿಯೆಂದು ಮುಟ್ಟದೆ ಇಡಬೇಕು. ಬೆಳಕು ತಿರುಗಿಸಿ ಪಾಸಿಟಿವ್ ಮಾಡಿದ್ದನ್ನು ಬೇರೆ ಟಿಫ್ ಕಡತವಾಗಿ ಉಳಿಸಿ, ಏನೇನು ಬದಲಿಸಿದೆವೆಂದು ಎರಡು ಸಾಲು ಬರೆದಿಡಬೇಕು. ಡಿಜಿಟಲ್ ಆಯಿತೆಂದು ನೆಗೆಟಿವನ್ನು ಎಸೆಯುವುದು ಸಲ್ಲದು. ವಾಸನೆ ಬಂದವನ್ನು ಬೇರ್ಪಡಿಸಿ, ಉಳಿದವನ್ನು ಆಮ್ಲರಹಿತ ಕಾಗದದಲ್ಲಿ ತಂಪಾದ ಒಣ ಜಾಗದಲ್ಲಿಡಬೇಕು.

ವಾಸನೆ ಹಿಡಿದ ನಾಲ್ಕು ರೋಲುಗಳ ಪ್ರತಿ ಎತ್ತಿ ಮುಗಿದಿದೆ. ಮಿಕ್ಕವು ಸಂಜೆಗೊಂದರಂತೆ ನಡೆಯುತ್ತಿವೆ. ಪ್ರತಿ ಕಡತದ ಹೆಸರಿನಲ್ಲಿ ರೋಲಿನ ಸಂಖ್ಯೆ, ಚಿತ್ರದ ಅಂಕಿ, ಊರು, ತೆಗೆದ ವರ್ಷ, ಪ್ರತಿ ಎತ್ತಿದ ವರ್ಷ ಇವೆ. ಪ್ರತಿ ಎತ್ತಿದವರ ಹೆಸರನ್ನೂ ಸೇರಿಸುವಂತೆ ವಿದ್ಯಾರ್ಥಿಯೊಬ್ಬಳು ಸೂಚಿಸಿದ್ದರಿಂದ ಐದನೆಯ ರೋಲಿನಿಂದ ಅದೂ ಇದೆ.