ಹಳೆಯ ಸೈಕಲ್ಲಿಗೆ ಹಳೆಯ ಬ್ರೇಕು

ಇತಿಹಾಸವೆಂದೊಡನೆ ನಮ್ಮ ಮನಸ್ಸು ಗದ್ವಾಲಿನ ಕೋಟೆಯ ಕಡೆಗೋ, ಕೃಷ್ಣಾ-ತುಂಗಭದ್ರೆಗಳ ನಡುನಾಡಿಗಾಗಿ ನಡೆದ ಯುದ್ಧಗಳ ಕಡೆಗೋ ಹರಿಯುತ್ತದೆ. ಮನೆಯ ಮೂಲೆಯಲ್ಲಿ ತುಕ್ಕು ಹಿಡಿದು ನಿಂತ ಸೈಕಲ್ಲಿಗೂ ಒಂದು ಇತಿಹಾಸವುಂಟೆಂಬುದು ನೆನಪಾಗುವುದಿಲ್ಲ. ನಾರಾಯಣಪೇಟೆ, ಮಕ್ತಲ್, ಗದ್ವಾಲುಗಳಲ್ಲಿ ಸೈಕಲ್ ಮಿಸ್ತ್ರಿಯು ಗುಜರಿಯ ರಾಶಿಯಿಂದ ಬ್ರೇಕಿನ ಕಡ್ಡಿಯೊಂದನ್ನು ಆಯ್ದು, ಬೇರೊಂದು ಕಂಪನಿಯ ಸೈಕಲ್ಲಿಗೆ ಕೂಡಿಸಿದರೂ ಅದು ಸರಿಯಾಗಿ ಕೂಡುವುದೇಕೆ? ಇದರ ಉತ್ತರವನ್ನು ತಿಳಿಯುವುದು ಬರಿಯ ಕುತೂಹಲಕ್ಕಾಗಿ ಅಲ್ಲ. ಹಳೆಯ ಸೈಕಲ್ಲನ್ನು ಮತ್ತೆ ಕಟ್ಟುವಾಗ ಯಾವುದನ್ನು ಉಳಿಸಬೇಕು, ಯಾವುದನ್ನು ಎಸೆಯಬೇಕೆಂಬ ವಿವೇಕವೂ, ಅದರ ಮೇಲೆ ಶಾಲೆಗೆ ಹೋಗುವ ಮಕ್ಕಳ ಕ್ಷೇಮವೂ ಈ ತಿಳಿವನ್ನು ಅವಲಂಬಿಸಿವೆ.

೧೮೧೭ರಲ್ಲಿ ಜರ್ಮನಿಯ ಕಾರ್ಲ್ ಫಾನ್ ಡ್ರೈಸ್ ಎಂಬಾತನು ಕಾಲಿನಿಂದ ನೆಲವನ್ನು ಒದ್ದು ದೂಡುವ ಎರಡು ಗಾಲಿಯ ಮರದ ಬಂಡಿಯನ್ನು ಓಡಿಸಿ ತೋರಿಸಿದನು. ೧೮೬೦ರ ದಶಕದಲ್ಲಿ ಪ್ಯಾರಿಸಿನಲ್ಲಿ ಮುಂದಿನ ಗಾಲಿಗೆ ಪೆಡಲು ಬಂದಿತು. ಆಮೇಲೆ ಬಂದ ಎತ್ತರದ ಗಾಲಿಯ ಸೈಕಲ್ಲು ಥಟ್ಟನೆ ನಿಂತರೆ ಸವಾರನು ತಲೆಕೆಳಗಾಗಿ ಮುಂದಕ್ಕೆ ಬೀಳುತ್ತಿದ್ದನು. ೧೮೮೫ರಲ್ಲಿ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿಯು ನಿರ್ಮಿಸಿದ, ಚೈನಿನಿಂದ ಹಿಂದಿನ ಗಾಲಿಯನ್ನು ನಡೆಸುವ 'ರೋವರ್' ಈ ಅಪಾಯವನ್ನು ಬಹುಮಟ್ಟಿಗೆ ತಗ್ಗಿಸಿತು. ೧೮೮೮ರಲ್ಲಿ ಬೆಲ್‌ಫಾಸ್ಟಿನ ಡನ್‌ಲಪ್ ಗಾಳಿ ತುಂಬಿದ ಟೈರನ್ನು ತಂದನು. ಅಲ್ಲಿಯವರೆಗೆ ಬ್ರೇಕೆಂದರೆ ಚಮಚದಾಕಾರದ ಲೋಹದ ತುಂಡು; ಅದು ಟೈರನ್ನೇ ಒತ್ತುತ್ತಿತ್ತು. ಗಾಳಿಯ ಟೈರು ಆ ಉಜ್ಜುವಿಕೆಯಿಂದ ಬೇಗನೆ ಸವೆಯುತ್ತಿತ್ತು. ಇದಲ್ಲದೆ, ಪೆಡಲು ತುಳಿಯದೆಯೂ ಗಾಲಿ ಉರುಳುವ ಫ್ರೀವೀಲು ಬಳಕೆಗೆ ಬಂದ ಮೇಲೆ, ಕಾಲಿನಿಂದಲೇ ವೇಗವನ್ನು ತಡೆಯುವ ಅನುಕೂಲವೂ ಹೋಯಿತು. ಆದುದರಿಂದ ಟೈರನ್ನು ಬಿಟ್ಟು ರಿಮ್ಮನ್ನು ಹಿಡಿಯುವ ಬಲವಾದ ಬ್ರೇಕು ಬೇಕಾಯಿತು.

ನಮ್ಮೂರುಗಳ ಹಳೆಯ ಸೈಕಲ್ಲುಗಳಲ್ಲಿರುವ ಕಡ್ಡಿ ಬ್ರೇಕು ಹೀಗೆ ರೂಪುಗೊಂಡದ್ದು. ಹ್ಯಾಂಡಲಿನ ಹಿಡಿಯನ್ನು ಒತ್ತಿದರೆ ಕಡ್ಡಿಗಳು ಒಂದನ್ನೊಂದು ಎಳೆದು, ಕುದುರೆಯ ಲಾಳದಂತೆ ಬಾಗಿದ ಕಂಬಿಯನ್ನು ಮೇಲಕ್ಕೆತ್ತುತ್ತವೆ. ಅದರ ಎರಡು ತುದಿಗಳಲ್ಲಿರುವ ರಬ್ಬರು ತುಂಡುಗಳು ರಿಮ್ಮಿನ ಒಳಮೈಯನ್ನು, ಎಂದರೆ ಗಾಲಿಯ ನಡುವಿಗೆ ಮುಖಮಾಡಿದ ಭಾಗವನ್ನು, ಒತ್ತುತ್ತವೆ. ವೆಸ್ಟ್‌ವುಡ್ ಎಂಬ ಬಗೆಯ ರಿಮ್ಮಿಗೆ ಇದು ಒಪ್ಪುತ್ತದೆ. ೧೮೯೬ರಲ್ಲಿ ಇಂಗ್ಲೆಂಡಿನ ಬೌಡನ್ ಎಂಬಾತನು ತಂತಿ ಕೇಬಲ್ಲಿಗೆ ಪೇಟೆಂಟು ಪಡೆದಿದ್ದರೂ, ನಮ್ಮ ಹಳ್ಳಿಯ ದಾರಿಗಳಲ್ಲಿ ಕಡ್ಡಿ ಬ್ರೇಕೇ ಬಹುಕಾಲ ಉಳಿಯಿತು. ಬಾಗಿದ ಕಡ್ಡಿಯನ್ನು ಸುತ್ತಿಗೆಯಿಂದ ನೆಟ್ಟಗೆ ಮಾಡಬಹುದು. ತುಂಡಾದ ಕೇಬಲ್ಲಿಗೆ ಆ ಉಪಾಯವಿಲ್ಲ.

ಸ್ವಾತಂತ್ರ್ಯಕ್ಕೆ ಮುನ್ನ ಭಾರತದಲ್ಲಿ ಓಡುತ್ತಿದ್ದ ಸೈಕಲ್ಲುಗಳಲ್ಲಿ ಹೆಚ್ಚಿನವು ಇಂಗ್ಲೆಂಡಿನಿಂದ ಬಂದವು. ೧೯೪೯ರಲ್ಲಿ ಮದರಾಸಿನಲ್ಲಿ ಟಿ.ಐ. ಸೈಕಲ್ಸ್, ೧೯೫೧ರಲ್ಲಿ ಸೋನೆಪತ್ತಿನಲ್ಲಿ ಅಟ್ಲಾಸ್, ೧೯೫೨ರಲ್ಲಿ ಅಸನ್ಸೋಲಿನಲ್ಲಿ ಸೆನ್-ರ‍್ಯಾಲಿ, ೧೯೫೬ರಲ್ಲಿ ಲೂಧಿಯಾನದಲ್ಲಿ ಹೀರೋ ಹುಟ್ಟಿದವು. ಇವುಗಳಲ್ಲಿ ಮದರಾಸು, ಅಸನ್ಸೋಲುಗಳ ಕಾರ್ಖಾನೆಗಳು ಇಂಗ್ಲೆಂಡಿನ ಕಂಪನಿಗಳ ಸಹಯೋಗದಿಂದ ನಡೆದವು. ಹೀಗಾಗಿ ೨೮ ಅಂಗುಲದ ಗಾಲಿ, ಅಂಗುಲಕ್ಕೆ ೨೬ ಸುತ್ತಿನ ತಿರುಪು ಮುಂತಾದ ಇಂಗ್ಲಿಷ್ ಅಳತೆಗಳೇ ನಮ್ಮಲ್ಲಿಯೂ ನೆಲೆಗೊಂಡವು. ಗುಜರಿಯ ಕಡ್ಡಿಯು ಮತ್ತೊಂದು ಸೈಕಲ್ಲಿಗೆ ಕೂಡುವ ರಹಸ್ಯ ಇದೇ.

ಈ ನಡುವೆ ನಾಡಿನ ಗಡಿಗಳು ಎಷ್ಟೋ ಸಲ ಬದಲಾದವು. ಹೈದರಾಬಾದು ಸಂಸ್ಥಾನದಲ್ಲಿ ರಾಯಚೂರು ಜಿಲ್ಲೆಗೆ ಸೇರಿದ್ದ ಗದ್ವಾಲು, ೧೯೫೬ರ ನವೆಂಬರ್ ೧ರಂದು ಆಂಧ್ರಪ್ರದೇಶದ ಮಹಬೂಬನಗರ ಜಿಲ್ಲೆಗೆ ಸೇರಿತು. ೨೦೧೪ರಲ್ಲಿ ತೆಲಂಗಾಣ ರಾಜ್ಯವಾಯಿತು. ೨೦೧೬ರಲ್ಲಿ ಜೋಗುಲಾಂಬ ಗದ್ವಾಲ, ೨೦೧೯ರಲ್ಲಿ ನಾರಾಯಣಪೇಟೆ ಜಿಲ್ಲೆಗಳಾದವು. ಮಕ್ತಲ್ ನಾರಾಯಣಪೇಟೆ ಜಿಲ್ಲೆಗೆ ಸೇರಿತು. ಸೈಕಲ್ಲಿನ ತಿರುಪಿನ ಅಳತೆ ಮಾತ್ರ ಗಡಿಯ ಎರಡು ಕಡೆಯೂ ಒಂದೇ ಆಗಿ ಉಳಿಯಿತು.

ಹಳೆಯ ಬ್ರೇಕನ್ನು ಮತ್ತೆ ಬಳಸುವವರು ಕೆಲವು ಸಂಗತಿಗಳನ್ನು ಮರೆಯಬಾರದು. ಉಕ್ಕಿನ ಕಡ್ಡಿ, ಹಿಡಿ, ಲಾಳದ ಕಂಬಿಗಳನ್ನು ಸೀಮೆ ಎಣ್ಣೆಯಲ್ಲಿ ತೊಳೆದು, ಬಾಗಿದ ಎಡೆಗಳಲ್ಲಿ ಬಿರುಕು ಬಿಟ್ಟಿದೆಯೋ ಎಂದು ಬೆಳಕಿಗೆ ಹಿಡಿದು ನೋಡಬೇಕು. ಬಿರುಕಿದ್ದರೆ ಅದನ್ನು ಗುಜರಿಗೇ ಹಿಂದಿರುಗಿಸಬೇಕು. ಸವೆದ ತಿರುಪಿಗೆ ಹೊಸ ನಟ್ಟು ಹಾಕಿದರೂ ಅದು ನಿಲ್ಲದು. ಹಳೆಯ ರಬ್ಬರನ್ನು ಎಂದಿಗೂ ಬಳಸಬಾರದು. ವರ್ಷಗಳು ಕಳೆದಂತೆ ಅದು ಗಟ್ಟಿಯಾಗಿ, ರಿಮ್ಮನ್ನು ಹಿಡಿಯದೆ ಜಾರುತ್ತದೆ. ಹೊಸ ರಬ್ಬರನ್ನು ಕೂಡಿಸುವಾಗ ಅದರ ತಗಡಿನ ಗೂಡಿನ ಮುಚ್ಚಿದ ತುದಿಯು, ರಿಮ್ಮು ಸರಿದುಹೋಗುವ ದಿಕ್ಕಿಗೆ ಇರಬೇಕು. ತಿರುಗುಮುರುಗಾದರೆ ಬ್ರೇಕು ಒತ್ತಿದೊಡನೆ ರಬ್ಬರು ಜಾರಿ ಹೊರಬೀಳುವುದು. ಹಳೆಯ ಕೇಬಲ್ಲನ್ನೂ ನಂಬಬಾರದು. ಹೊದಿಕೆಯೊಳಗಣ ತುಕ್ಕು ಕಣ್ಣಿಗೆ ಕಾಣದು. ಉಕ್ಕಿನ ರಿಮ್ಮು ಮಳೆಯಲ್ಲಿ ನೆನೆದಾಗ ಬ್ರೇಕಿನ ಹಿಡಿತ ಬಹಳ ಕುಗ್ಗುತ್ತದೆಂಬುದನ್ನೂ ನೆನಪಿಡಬೇಕು.

ಉಪಾಧ್ಯಾಯರು ಇದನ್ನು ತರಗತಿಯ ಒಂದು ಪ್ರಯೋಗವನ್ನಾಗಿ ಮಾಡಬಹುದು. ಸೈಕಲ್ಲನ್ನು ಕೈಯಿಂದ ನಡೆಸುತ್ತ, ಮೊದಲು ಒಣಗಿದ ರಿಮ್ಮಿನಲ್ಲಿಯೂ ಅನಂತರ ನೀರು ಚಿಮುಕಿಸಿದ ರಿಮ್ಮಿನಲ್ಲಿಯೂ ಬ್ರೇಕನ್ನು ಒತ್ತಿ, ಗಾಲಿಯು ಎಷ್ಟು ದೂರದಲ್ಲಿ ನಿಲ್ಲುವುದೆಂದು ಅಳೆಯಲಿ. ಘರ್ಷಣೆಯ ಪಾಠವು ಪುಸ್ತಕದಿಂದ ಕೈಗೆ ಇಳಿಯುತ್ತದೆ.

ಅಸನ್ಸೋಲಿನ ಆ ಕಾರ್ಖಾನೆ ಮುಚ್ಚಿ ವರ್ಷಗಳಾದವು. ಅಟ್ಲಾಸಿನ ಸಾಹಿಬಾಬಾದ್ ಕಾರ್ಖಾನೆಯು ೨೦೨೦ರ ಜೂನ್ ೩ರಂದು, ವಿಶ್ವ ಸೈಕಲ್ ದಿನದಂದೇ, ಕೆಲಸ ನಿಲ್ಲಿಸಿತು. ಮಾಡಿದವರು ಇಲ್ಲವಾದರೂ ಅವರು ಮಾಡಿದ ಉಕ್ಕು ನಮ್ಮ ಗುಜರಿಗಳಲ್ಲಿದೆ. ಅದನ್ನು ಪರೀಕ್ಷಿಸಿ ಬಳಸುವುದು ಮಿತವ್ಯಯ; ಪರೀಕ್ಷಿಸದೆ ಬಳಸುವುದು ಅವಿವೇಕ. ಈ ಎರಡರ ಅಂತರವನ್ನು ವಿದ್ಯಾರ್ಥಿಗಳು ಶಾಲೆಯಲ್ಲಿಯೇ ಕಲಿಯಲಿ.